ಬೋರ್ ನೀರಿನ ಪ್ರಾಜೆಕ್ಟ್ ಯಾರದು?

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ.)

ಆಪ್ತಸಲಹೆಗೆಂದು ಅಮ್ಮ ನನ್ನ ಹತ್ತಿರ ಕರೆತಂದ ಒಂಬತ್ತನೇ ತರಗತಿಯ ಹುಡುಗಿ. ಮೀನಾ ಅಂತಿಟ್ಟುಕೊಳ್ಳೋಣ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ತಲೆನೋವು. ಭಾನುವಾರ ಮಾತ್ರ ಬರುವುದಿಲ್ಲ. ಕಣ್ಣು ಪರೀಕ್ಷೆ ಆಗಿತ್ತು, ಡಾಕ್ಟರೂ ನೋಡಿದ್ದರು. ಜೀವದ ಗೆಳತಿ ಶೈಲಾ ಜೊತೆ ಮಾತು ಬಿಟ್ಟಿದ್ದಳು. "ಹೊಟ್ಟೆಕಿಚ್ಚು ಮೇಡಂ, ಇನ್ನೇನಿಲ್ಲ" ಎಂದು ಅಮ್ಮ ಮಗಳ ಎದುರಿಗೇ ಹೇಳಿಬಿಟ್ಟರು. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮೀನಾ ಜೊತೆ ಮಾತಾಡಿದೆ.

ಇಬ್ಬರೂ ಸೇರಿ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ಮಾಡಿದ್ದರು. 1993ರಿಂದ ದೇಶದೆಲ್ಲೆಡೆ ನಡೆಯುತ್ತಾ ಬಂದ ಕಾರ್ಯಕ್ರಮ ಇದು. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು ತಂಡವಾಗಿ ಅಧ್ಯಯನ ಮಾಡಬೇಕು. ಥರ್ಮಾಕೋಲ್ ಮಾದರಿ ತಂದಿಟ್ಟರೆ ಆಗದು. ದಿನಾ ಬರೆದ ಲಾಗ್‌ಬುಕ್ ಬೇಕು, ವರದಿ ಬೇಕು. ಮೇಲಿನ ಹಂತಗಳಲ್ಲಿ ವೇದಿಕೆ ಹತ್ತುವುದು ಲೀಡರ್ ಮಾತ್ರ.

ಇವರ ವಿಷಯ ಬೋರ್ ನೀರಿನ ಗಡಸುತನ, ಅಂದರೆ ಕರಗಿದ ಲವಣಗಳಿಂದಾಗಿ ನೀರಲ್ಲಿ ಸೋಪು ಬೇಗ ನೊರೆ ಬಾರದಿರುವುದು. ಬಾಟಲಿಯಲ್ಲಿ ನೀರು ತಂದು, ಸೋಪಿನ ದ್ರಾವಣ ಹನಿಹನಿಯಾಗಿ ಹಾಕಿ ಕುಲುಕುವುದು. ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತು ಎಂದು ಬರೆದುಕೊಳ್ಳುವುದು. ಬೀದಿ ಬೀದಿ ತಿರುಗಿ ನೀರು ತಂದವಳು, ಲಾಗ್‌ಬುಕ್ ಬರೆದವಳು ಮೀನಾ. ಚೆನ್ನಾಗಿ ಮಾತಾಡ್ತಾಳೆ ಎಂದು ಟೀಚರ್ ಲೀಡರ್ ಮಾಡಿದ್ದು ಶೈಲಾಳನ್ನು. ಲೀಡರ್ ಎಂದರೆ ಮುಂದೆ ಒಬ್ಬಳೇ ಹೋಗುವುದು ಎಂದು ಮೀನಾಗೆ ಯಾರೂ ಹೇಳಿರಲಿಲ್ಲ.

ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರು ಕೇಳಿದರಂತೆ: ಕಾಯಿಸಿ ಆರಿಸಿದ ನೀರಿಗೆ ಸೋಪು ಕಡಿಮೆ ಸಾಕಾಯಿತಲ್ಲ, ಯಾಕೆ? ಶೈಲಾ ತಡವರಿಸಿದಳು. ಉತ್ತರ ಇಷ್ಟೇ: ಕುದಿಸಿದಾಗ ನೀರನ್ನು ಗಡಸು ಮಾಡುವ ಬೈಕಾರ್ಬೊನೇಟ್ ಲವಣ ಒಡೆದು ಪಾತ್ರೆಯ ತಳದಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ, ನೀರಿನ ಗಡಸುತನ ಕಡಿಮೆಯಾಗುತ್ತದೆ. ಮೀನಾಗೆ ಅದು ಬಾಯಿಪಾಠದಿಂದ ಬಂದದ್ದಲ್ಲ, ಮನೆಯ ಪಾತ್ರೆಯನ್ನೇ ಕೆರೆದು ನೋಡಿದ್ದಳು. ಕೆಳಗೆ ಕೂತು ಸುಮ್ನೆ ಕೇಳಬೇಕಾಯಿತು. ಆದರೂ ತಂಡ ಆಯ್ಕೆಯಾಯಿತು. ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ "ಶೈಲಾಳ ಪ್ರಾಜೆಕ್ಟ್" ಎಂದು ಚಪ್ಪಾಳೆ ಹೊಡೆಸಿದರು. ತಲೆನೋವು ಶುರುವಾದದ್ದು ಅದೇ ವಾರ.

ಹೊಟ್ಟೆಕಿಚ್ಚು ಒಂಚೂರು ಇದ್ದಿರಬಹುದು. ಹದಿನಾಲ್ಕು ವರ್ಷಕ್ಕೆ ಅದೇನು ಅಪರಾಧ? ಆದರೆ ದೊಡ್ಡವರು ಅದೊಂದೇ ಪದ ಹಿಡಿದುಕೊಂಡರೆ ಉಳಿದ ಅನ್ಯಾಯ ಕಾಣುವುದೇ ಇಲ್ಲ.

ಮೀನಾಗೆ ಹೇಳಿದ್ದು: ನಿನಗೆ ಏನು ಬೇಕೋ ಅದನ್ನು ಬರೆ, ಯಾರು ಕೆಟ್ಟವರು ಅನ್ನುವುದು ಬೇಡ. ಅವಳು ಬರೆದದ್ದು ಎರಡೇ ಸಾಲು. ವೇದಿಕೆ ಬೇಕು ಎಂದು ಅದರಲ್ಲಿ ಇರಲಿಲ್ಲ! ವರದಿಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂದು ಇರಬೇಕು, ಶೈಲಾ ಅದನ್ನು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಶೈಲಾ ಜೊತೆ ಹೇಗೆ ಮಾತಾಡುತ್ತೀ ಎಂದು ನಾನೇ ಶೈಲಾ ಆಗಿ ಎದುರು ಕೂತೆ. "ನಿಂಗೇನು ಗೊತ್ತು ಬೋರ್ ನೀರು" ಎಂದೇ ಶುರು ಮಾಡಿದಳು. ನಗು ಬಂತು ಇಬ್ಬರಿಗೂ. ಆಮೇಲೆ "ಅವತ್ತು ಪ್ರಾರ್ಥನೆಯಲ್ಲಿ ನನ್ನ ಹೆಸರು ಬರದಿದ್ದಾಗ ಬೇಜಾರಾಯ್ತು" ಎಂಬಲ್ಲಿಗೆ ಬಂದೆವು. ಕ್ಲಾಸಿನವರ ಮುಂದೆ ಬೇಡ, ಇಬ್ಬರೇ ಇದ್ದಾಗ ಹೇಳು ಎಂದೆ.

ಅಮ್ಮನಿಗೆ: ಆ ಪದ ಮನೆಯಲ್ಲಿ ಬೇಡ. ತಲೆನೋವನ್ನು ನಾಟಕ ಎನ್ನಬೇಡಿ. ರಜೆಯಲ್ಲೂ ಬಂದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ.

ಮೀನಾ ಒಪ್ಪಿದ ಮೇಲೆ ಟೀಚರ್ ಜೊತೆ ಫೋನಿನಲ್ಲಿ ಮಾತಾಡಿದೆ. ಮುಂದಿನ ಸಲ ನಿಯಮವನ್ನು ಮೊದಲ ದಿನವೇ ಇಬ್ಬರಿಗೂ ಓದಿ ಹೇಳಿ, ಈಗ ಪ್ರಶ್ನೆಗಳ ತಯಾರಿಗೆ ಮೀನಾಳನ್ನೇ ತೀರ್ಪುಗಾರ್ತಿಯಾಗಿ ಕೂರಿಸಿ ಎಂದೆ. ಟೀಚರ್ ಬೇಸರ ಮಾಡಿಕೊಳ್ಳದೆ ಒಪ್ಪಿದರು.

ಆ ತಯಾರಿಯಲ್ಲೇ ಶೈಲಾ ಅತ್ತಳಂತೆ. ಲಾಗ್‌ಬುಕ್ ಪೂರ್ತಿ ಓದಿರದ ಭಯ ಅವಳಿಗೆ ಮೊದಲಿಂದಲೂ ಇತ್ತು. ವರದಿಯಲ್ಲಿ ಇಬ್ಬರ ಕೆಲಸವೂ ಸೇರಿತು. ರಾಜ್ಯ ಮಟ್ಟದಿಂದ ಮುಂದೆ ಹೋಗಲಿಲ್ಲ. ತಲೆನೋವು ಕಡಿಮೆಯಾಗಿದೆ. ಗೆಳೆತನ ಮೊದಲಿನ ಹಾಗಿಲ್ಲ, ಮಾತಿದೆ. ಮುಂದಿನ ವರ್ಷ ತಾನೇ ಲೀಡರ್ ಆಗಬೇಕೆಂದು ಮೀನಾ ಟೀಚರನ್ನು ಈಗಲೇ ಕೇಳಿಟ್ಟಿದ್ದಾಳೆ. ಹತ್ತನೇ ಕ್ಲಾಸು, ಓದು ಕೆಡುತ್ತೆ ಅಂತ ಅಮ್ಮ ಇನ್ನೂ ಹೂಂ ಅಂದಿಲ್ಲ.