ತಿಂಗಳ ದಿನಸಿ ದುಡ್ಡು 20ನೇ ತಾರೀಖಿಗೇ ಖಾಲಿ. 30 ದಿನದ ಮೆನು ಹಾಕಿಕೊಂಡರೆ ಸರಿಹೋಗುತ್ತದಾ?

ನಾಲ್ಕು ಜನ, 10,000 ರೂಪಾಯಿ, 20ನೇ ತಾರೀಖಿಗೆ ಕೈ ಖಾಲಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ 2023ರ ನನ್ನ ಅಡುಗೆಮನೆ ನೆನಪಾಯಿತು. ನೀವು ಕೇಳುತ್ತಿರುವ 30 ದಿನದ ಮೆನು ಆಗ ನನ್ನ ಹತ್ತಿರ ಇತ್ತು, ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ನನ್ನ ದುಡ್ಡು ತಿಂದದ್ದೇ ಅದು. ಹಾಗಾಗಿ ಅಂಥ ಮೆನು ನಿಮಗೆ ಕೊಡುವುದಿಲ್ಲ.

ಜೂನ್ ಕೊನೆಯ ಭಾನುವಾರ ಕೂತು ಬರೆದ ಪಟ್ಟಿ ಅದು. ಸೋಮವಾರ ಟೊಮ್ಯಾಟೊ ಬಾತ್, ಬೀನ್ಸ್ ಹುಳಿ. ಮಂಗಳವಾರ ದೊಣ್ಣೆಮೆಣಸಿನಕಾಯಿ ಗೊಜ್ಜು. ಬುಧವಾರ ನವಿಲುಕೋಸಿನ ಸಾಂಬಾರು... ಹೀಗೆ ತಿಂಗಳ ಉದ್ದಕ್ಕೂ. ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ 100 ರೂಪಾಯಿ ದಾಟಿತು. ನನ್ನ ಪಟ್ಟಿಯಲ್ಲಿ 11 ದಿನ ಟೊಮ್ಯಾಟೊ ಇತ್ತು. ಡಬ್ಬದ ತುಂಬ ಹುಣಸೆಹಣ್ಣು ಇದ್ದರೂ, ಪಟ್ಟಿ ತಪ್ಪಬಾರದು ಎಂದು ಟೊಮ್ಯಾಟೊವನ್ನೇ ತಂದೆ. ಆ ತಿಂಗಳು 18ನೇ ತಾರೀಖಿಗೇ ದುಡ್ಡು ಮುಗಿಯಿತು.

ದುಬಾರಿ ಟೊಮ್ಯಾಟೊದಿಂದ ಹೀಗಾಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಮೆನುವಿನಲ್ಲಿ ತರಕಾರಿಯ ಹೆಸರು ಬರೆದದ್ದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಮೆನು ಬರೆಯಲು ಕೂತ ಎಲ್ಲರೂ ಇದನ್ನೇ ಮಾಡುತ್ತಾರೆ.

ತರಕಾರಿಯ ಹೆಸರು ಮೊದಲೇ ಬರೆದುಕೊಂಡು ಹೋದರೆ ಮಾರುಕಟ್ಟೆಯಲ್ಲಿ ಆ ದಿನ ಯಾವುದು ಅಗ್ಗ ಎಂದು ನೋಡುವ ಕಣ್ಣೇ ಮುಚ್ಚಿಹೋಗುತ್ತದೆ. ಮೈಸೂರಿನ ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆಯಲ್ಲಿ ಸೀಮೆಬದನೆ, ಸೌತೆಕಾಯಿ ರಾಶಿ ಬಿದ್ದಿರುತ್ತಿತ್ತು. ನಾನು ಚೀಟಿ ಹಿಡಿದು ಬೀನ್ಸ್ ಹುಡುಕುತ್ತಿದ್ದೆ. ಅದಕ್ಕಿಂತ ದೊಡ್ಡ ನಷ್ಟ ಉಳಿಕೆಯದು. ಗೊಜ್ಜಿಗೆ ಬೇಕಾದದ್ದು ಎರಡು ದೊಣ್ಣೆಮೆಣಸಿನಕಾಯಿ, ತರುವುದು ಕಾಲು ಕೆಜಿ. ಪಲ್ಯಕ್ಕೆ ಅರ್ಧ ಕೋಸು ಸಾಕು, ಕೊಳ್ಳಬೇಕಾದದ್ದು ಇಡೀ ಕೋಸು. ಉಳಿದ ಅರ್ಧಕ್ಕೆ ಪಟ್ಟಿಯಲ್ಲಿ ಮುಂದೆ ಜಾಗವೇ ಇಲ್ಲ, ಏಕೆಂದರೆ ನಾಳೆ ಬೇರೆ ಹೆಸರು ಇದೆ. ಆ ತಿಂಗಳ ಕೊನೆಗೆ ಫ್ರಿಜ್ ತೊಳೆಯುವಾಗ ಲೋಳೆಯಾದ ಅರ್ಧ ಕೋಸು, ಸುಕ್ಕಾದ ಮೂರು ನವಿಲುಕೋಸು, ಎರಡು ಕಟ್ಟು ಕೊಳೆತ ಕೊತ್ತಂಬರಿ ಎಸೆದೆ. ಮೂರನೆಯದು ಓಡಾಟ. 30 ಹೆಸರಿನ ಪಟ್ಟಿಯಲ್ಲಿ ದಿನಕ್ಕೊಂದು ಸಾಮಾನು ಕಡಿಮೆ ಬಿದ್ದೇ ಬೀಳುತ್ತದೆ. 20 ರೂಪಾಯಿಯ ಪುದೀನ ತರಲು ಹೋದವರು ಬಿಸ್ಕತ್ತು, ಬ್ರೆಡ್ಡು ಹಿಡಿದು ಬರುತ್ತಾರೆ. ಮೊಬೈಲಿನಲ್ಲಿ ತರಿಸಿದರೆ ಡೆಲಿವರಿ ಶುಲ್ಕ ಉಳಿಸಲು ಬೇಡದ್ದನ್ನೂ ಸೇರಿಸುತ್ತೇವೆ.

ಈಗ ನಾನು ಬರೆಯುವುದು ಏಳೇ ಪದ: ಸೊಪ್ಪು, ಸೊಪ್ಪು, ಕಾಯಿ, ಕಾಯಿ, ಕಾಳು, ಗಡ್ಡೆ, ಖಾಲಿ. ಸಂತೆಯ ದಿನದಿಂದ ಎಣಿಸಿ. ಬೇಗ ಬಾಡುವುದನ್ನು ಮೊದಲು ಬೇಯಿಸಬೇಕು, ಕ್ರಮದ ಗುಟ್ಟು ಇಷ್ಟೇ. ಮೊದಲ ಎರಡು ದಿನ ದಂಟು, ಹರಿವೆ, ಸಬ್ಬಸಿಗೆ, ಮೆಂತ್ಯ, ಯಾವುದು ಅಗ್ಗವೋ ಅದು. ಮೂರು, ನಾಲ್ಕನೇ ದಿನ ಬದನೆ, ಬೆಂಡೆ, ಬೀನ್ಸ್, ಹೀರೆ. ಐದನೇ ದಿನ ಹುರುಳಿ, ಹೆಸರುಕಾಳು ಅಥವಾ ಅಲಸಂದೆ, ತರಕಾರಿ ಬೇಕಿಲ್ಲ. ಆರನೇ ದಿನ ಬೀಟ್‌ರೂಟ್, ಮೂಲಂಗಿ, ಸುವರ್ಣಗೆಡ್ಡೆ, ಇಲ್ಲವೇ ಕತ್ತರಿಸದ ಸಿಹಿಗುಂಬಳ. ಏಳನೇ ದಿನ ಹೊಸದಾಗಿ ಏನೂ ಕೊಳ್ಳುವಂತಿಲ್ಲ. ಉಳಿದ ಎರಡು ಕ್ಯಾರೆಟ್, ಮುಷ್ಟಿ ಬೀನ್ಸ್, ಅರ್ಧ ಆಲೂಗಡ್ಡೆ ಎಲ್ಲ ಸೇರಿ ಬಿಸಿಬೇಳೆ ಬಾತ್ ಅಥವಾ ಕೂಟು. ಈ ಖಾಲಿ ದಿನವನ್ನು ಮಾತ್ರ ತಪ್ಪಿಸಬೇಡಿ. ಮರುದಿನ ಸಂತೆಗೆ ಹೋಗುವಾಗ ಫ್ರಿಜ್‌ನಲ್ಲಿ ಏನಿದೆ ಎಂಬ ಗೊಂದಲವೇ ಇರುವುದಿಲ್ಲ.

ಸೊಪ್ಪಿನ ಎರಡು ದಿನಗಳಲ್ಲಿ ಒಂದು ದಿನ ಬಸ್ಸಾರು ಮಾಡಿ. ನಾಲ್ಕು ಜನಕ್ಕೆ 150 ಗ್ರಾಂ ತೊಗರಿಬೇಳೆ, ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪು, ಒಂದೂವರೆ ಲೀಟರ್ ನೀರು. ಮೊದಲು ಬೇಳೆಯನ್ನು ಮುಕ್ಕಾಲು ಬೇಯಿಸಿ ಆಮೇಲೆ ಸೊಪ್ಪು ಹಾಕಬೇಕು. ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಬೇಳೆ ಕರಗಿ ಬಸಿಯಲು ಬರುವುದಿಲ್ಲ. ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಬೇಳೆ ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬೇಯಿಸುವುದು ಒಂದೇ ಸಲ, ಮುದ್ದೆಗೂ ಅನ್ನಕ್ಕೂ ಆಗುತ್ತದೆ. ಹುರುಳಿಕಾಳಿನ ಕಟ್ಟಿಗೂ ಇದೇ ಲೆಕ್ಕ. ನಮ್ಮ ಹಿರಿಯರ ಅಡುಗೆಯಲ್ಲೇ ಇಷ್ಟು ಉಳಿತಾಯ ಇರುವಾಗ ಪನೀರು, ಅಣಬೆ ಸೇರಿಸಿದ ಮೆನು ಬರೆದು ಬಜೆಟ್ ಸಾಲುತ್ತಿಲ್ಲ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ತಿಂಡಿಯಲ್ಲೂ ವಾರಕ್ಕೆ ಏಳು ಬಗೆ ಬೇಡ. ಅರ್ಧ ಕೆಜಿ ದೋಸೆ ಅಕ್ಕಿ, 125 ಗ್ರಾಂ ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ನೆನೆಸಿ ರುಬ್ಬಿದರೆ ಒಂದೂವರೆ ಕೆಜಿಯಷ್ಟು ಹಿಟ್ಟು. ಮೊದಲ ದಿನ ದೋಸೆ, ಎರಡನೇ ದಿನ ಹುಳಿ ಬಂದಾಗ ಈರುಳ್ಳಿ ಹಾಕಿ ಉತ್ತಪ್ಪ ಅಥವಾ ಪಡ್ಡು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗಬೇಕು, ಆದರೆ ರಾತ್ರಿಯೇ ಫ್ರಿಜ್‌ಗೆ ಇಟ್ಟಿದ್ದರೆ ಮಾತ್ರ. ಹೊರಗೇ ಬಿಟ್ಟ ಅನ್ನವನ್ನು ಮಕ್ಕಳ ಡಬ್ಬಿಗೆ ಹಾಕಬೇಡಿ.

ಇನ್ನು ದಿನಸಿ. ಅಂದಾಜಿನ ಮೇಲೆ ಚೀಟಿ ಬರೆಯುವುದನ್ನು ಈ ತಿಂಗಳೇ ನಿಲ್ಲಿಸಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಒಂದು ವಾರ ತೂಗಿ ನೋಡಿ. ನಮ್ಮ ಮನೆಯಲ್ಲಿ ಒಂದು ಹುಳಿಗೆ 120 ಗ್ರಾಂ ತೊಗರಿಬೇಳೆ ಹಿಡಿಯುತ್ತದೆ. ತಿಂಗಳಿಗೆ 20 ಸಲ ಮಾಡಿದರೆ 2.4 ಕೆಜಿ. ನಾನು ವರ್ಷಗಟ್ಟಲೆ ಚೀಟಿಯಲ್ಲಿ 2 ಕೆಜಿ ಎಂದೇ ಬರೆಯುತ್ತಿದ್ದೆ. ಕಡಿಮೆ ಬಿದ್ದ 400 ಗ್ರಾಂ ಪ್ರತಿ ತಿಂಗಳೂ ಬೀದಿ ಕೊನೆಯ ಅಂಗಡಿಯಿಂದ ಸಣ್ಣ ಪ್ಯಾಕೆಟ್ಟಿನಲ್ಲಿ, ಹೆಚ್ಚಿನ ದರಕ್ಕೆ ಬರುತ್ತಿತ್ತು. ಅಕ್ಕಿ ದಿನಕ್ಕೆ ಸುಮಾರು 350 ಗ್ರಾಂ, ದೋಸೆ ಅಕ್ಕಿ ಬೇರೆ. ಎಣ್ಣೆ ತಿಂಗಳಿಗೆ ತಲೆಗೆ 600 ಮಿಲಿ ದಾಟಿದರೆ ಕರಿದದ್ದು ಹೆಚ್ಚಾಗಿದೆ ಎಂದೇ ಅರ್ಥ.

ಎಣ್ಣೆ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ತೂಕ ನೋಡಿ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ಅದಕ್ಕಿಂತ ಕಡಿಮೆ ತೂಕದ ಪ್ಯಾಕೆಟ್ಟುಗಳೂ ಅದೇ ಗಾತ್ರದಲ್ಲಿ ಕಾಣುತ್ತವೆ. ಗ್ರಾಂ ಅಥವಾ ಮಿಲಿಗೆ ಎಷ್ಟು ಬೆಲೆ ಎಂಬುದನ್ನು ಎಂಆರ್‌ಪಿ ಪಕ್ಕದಲ್ಲೇ ಮುದ್ರಿಸಿರುತ್ತಾರೆ, ಹೋಲಿಸಬೇಕಾದದ್ದು ಆ ಅಂಕಿಯನ್ನು.

ಅಕ್ಕಿ ಮೂಟೆ ಈಗ 26 ಕೆಜಿಯದು ಸಿಗುವುದು ಗಮನಿಸಿರಬಹುದು. 2022ರ ಜುಲೈನಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಇದೆ. ಮೂಟೆ ಅದನ್ನು ದಾಟಿದರೆ ಇಲ್ಲ, ಬಿಡಿಯಾಗಿ ತೂಗಿಸಿಕೊಂಡರೂ ಇಲ್ಲ. ಮೂಟೆ ಲಾಭವೇ. ಆದರೆ ಅದು ನಿಮಗೆ ಎರಡು ತಿಂಗಳು ದಾಟಿ ಬರುತ್ತದೆ, ಆದ್ದರಿಂದ ಅರ್ಧ ಬೆಲೆಯನ್ನು ಮೂಟೆ ತರದ ತಿಂಗಳಲ್ಲೇ ತೆಗೆದಿಡಬೇಕು. ಇಲ್ಲದಿದ್ದರೆ ಒಂದು ತಿಂಗಳು ಸಲೀಸು, ಮರು ತಿಂಗಳು ಪರದಾಟ. ಬೇಳೆ, ರವೆಯನ್ನು ಮಾತ್ರ ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಹೆಚ್ಚು ತರಬೇಡಿ, ಹುಳ ಬೀಳುತ್ತದೆ. ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗಲು ಬರುತ್ತದೆ.

ತೆಂಗಿನಕಾಯಿ 2025ರಲ್ಲಿ ವಿಪರೀತ ಏರಿದ ಮೇಲೆ ನಾನು ಒಡೆದ ದಿನವೇ ಎರಡೂ ಹೋಳು ತುರಿದು, ನಾಲ್ಕು ಪುಟ್ಟ ಡಬ್ಬಿಗೆ ಹಂಚಿ ಫ್ರೀಜರ್‌ಗೆ ಇಡುತ್ತೇನೆ. ಒಂದು ಡಬ್ಬಿ, ಒಂದು ಅಡುಗೆ. ಅರ್ಧ ಹೋಳು ಲೋಳೆಯಾಗಿ ಎಸೆಯುವುದು ನಿಂತಿತು.

ನಿಮ್ಮ 10,000 ರೂಪಾಯಿಯನ್ನು ಒಂದೇ ಮೊತ್ತವಾಗಿ ಇಟ್ಟುಕೊಳ್ಳಬೇಡಿ. ದಿನಸಿಗೆ 4,600, ಹಾಲು ಮೊಸರಿಗೆ 2,100, ಹಬ್ಬಕ್ಕೆ 500 ತೆಗೆದರೆ ತರಕಾರಿ ಹಣ್ಣಿಗೆ 2,800 ಉಳಿಯುತ್ತದೆ. ಎಲ್ಲರೂ ಇದನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ 700 ಎನ್ನುತ್ತಾರೆ. ಅಲ್ಲಿಗೆ 28 ದಿನ ಮಾತ್ರ ಆಯಿತು, 29, 30, 31ಕ್ಕೆ ದುಡ್ಡೇ ಇಲ್ಲ. 31ರಿಂದ ಭಾಗಿಸಿ: ದಿನಕ್ಕೆ 90, ವಾರಕ್ಕೆ 630. ಆ 630 ನಗದಾಗಿ ಒಂದು ಲಕೋಟೆಯಲ್ಲಿರಲಿ. ಫೋನಿನಿಂದ ಕೊಟ್ಟ ದುಡ್ಡು ಕಡಿಮೆಯಾದದ್ದು ಕಣ್ಣಿಗೆ ಬೀಳುವುದಿಲ್ಲ. ಹಬ್ಬದ 500 ಮುಟ್ಟದೆ ಇಟ್ಟರೆ ವರಮಹಾಲಕ್ಷ್ಮಿ, ಗೌರಿ ಗಣೇಶ ಒಂದರ ಹಿಂದೆ ಒಂದು ಬಂದಾಗ ತಿಂಗಳ ದುಡ್ಡಿಗೆ ಕೈ ಹಾಕಬೇಕಾಗಿಲ್ಲ.

ಹಾಲಿನ ಲೆಕ್ಕ ಬೆಲೆ ಬದಲಾದಾಗಲೆಲ್ಲ ತಿದ್ದಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರ್ ತರುವ ಮನೆಗೆ ತಿಂಗಳಿಗೆ 180 ರೂಪಾಯಿ. ಹಳೇ ಲೆಕ್ಕದಲ್ಲೇ ಇದ್ದರೆ ಅಷ್ಟೂ ತರಕಾರಿ ಲಕೋಟೆಯಿಂದ ಹೋಗುತ್ತದೆ. ಆದರೆ ಮಕ್ಕಳ ಹಾಲು, ಕಾಳು, ಬಾಳೆಹಣ್ಣು ಕತ್ತರಿಸಿ ಬಜೆಟ್ ಕೂಡಿಸಬೇಡಿ. ಮೊದಲು ಹೋಗಬೇಕಾದದ್ದು ಬಿಸ್ಕತ್ತು, ಚಿಪ್ಸ್, ಪ್ಯಾಕೆಟ್ ದೋಸೆ ಹಿಟ್ಟು.

ಈ ತಿಂಗಳ ದುಡ್ಡು ಹೇಗೂ ಮುಗಿದಿದೆ ಅಂದಿರಿ. ಇವತ್ತು ಅಂಗಡಿಗೆ ಹೋಗುವ ಮುಂಚೆ ಎಲ್ಲ ಡಬ್ಬಗಳನ್ನೂ ಕೆಳಗಿಳಿಸಿ ತೂಗಿ. ಹಿಂದೆ ಮರೆತುಹೋದ ಕಡಲೆಕಾಳು, ಅವಲಕ್ಕಿ, ಶಾವಿಗೆ ಇದ್ದೇ ಇರುತ್ತದೆ. ಅದರಲ್ಲಿ ಎಷ್ಟು ಹೊತ್ತಿನ ಊಟ ಆಗುತ್ತದೆ ಎಂದು ಬರೆದುಕೊಳ್ಳಿ. ಉಳಿದ ದಿನಗಳಿಗೆ ಸೊಪ್ಪು, ಈರುಳ್ಳಿ, ಹಾಲು ಮಾತ್ರ ತನ್ನಿ. ಡಬ್ಬ ತೂಗಿದ ಆ ಚೀಟಿಯನ್ನು ಎತ್ತಿಡಿ, 1ನೇ ತಾರೀಖಿಗೆ ಅದರಲ್ಲಿ ಉಳಿದಿರುವುದನ್ನು ಹೊಸ ದಿನಸಿ ಚೀಟಿಯಿಂದ ಕಳೆಯಬೇಕು.