ಓದುಗರ ಪ್ರಶ್ನೆ: ಮೂಕಿ ಕಾಲದ ತಾರೆ ಸುಲೋಚನಾ

ಪ್ರಶ್ನೆ: ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ದ ನಾಯಕಿಯೇ ಮೂಕಿ ಚಿತ್ರಗಳ ಸುಲೋಚನಾ ಅಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲ. 1934ರ ಆ ಚಿತ್ರದಲ್ಲಿ ಸುಲೋಚನೆಯ ಪಾತ್ರ ಮಾಡಿದ್ದು ತ್ರಿಪುರಾಂಬ. ಮೂಕಿ ತಾರೆಯ ನಿಜವಾದ ಹೆಸರು ರೂಬಿ ಮೈಯರ್ಸ್. ಪುಣೆಯ ಯಹೂದಿ ಮನೆತನದವರು, ಟೆಲಿಫೋನ್ ಆಪರೇಟರ್ ಆಗಿದ್ದವರು. ಕೊಹಿನೂರ್ ಕಂಪನಿಯ ಮೋಹನ್ ಭವನಾನಿ ನಟಿಸಲು ಕರೆದಾಗ ಮೊದಲು ಒಲ್ಲೆ ಅಂದರು. ಸಿನಿಮಾ ಅಂದರೆ ಮರ್ಯಾದಸ್ಥ ಹೆಣ್ಣುಮಕ್ಕಳು ಹೋಗುವ ಜಾಗವಲ್ಲ ಎಂದು ಜನ ಮೂಗು ಮುರಿಯುತ್ತಿದ್ದ ಕಾಲ ಅದು. ಭವನಾನಿ ಬಿಡಲಿಲ್ಲ, ಇವರು ಒಪ್ಪಿದರು, ಆಮೇಲೆ ಇಂಪೀರಿಯಲ್ ಕಂಪನಿಗೆ ಹೋಗಿ ಎಲ್ಲರಿಗಿಂತ ದೊಡ್ಡ ತಾರೆಯಾದರು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಒಬ್ಬರೇ ಎಂಟು ಪಾತ್ರ ಮಾಡಿದ್ದಾರೆ. ಅದರಲ್ಲಿ ಪೊಲೀಸಿನವನ ವೇಷವೂ ಇತ್ತು, ತೋಟದ ಮಾಲಿಯದೂ ಇತ್ತು! ಬಾಂಬೆ ಗವರ್ನರ್‌ಗಿಂತ ಇವರ ಸಂಬಳ ಜಾಸ್ತಿ ಎಂಬ ಮಾತು ಎಲ್ಲೆಡೆ ಹರಡಿತ್ತು.

ಪ್ರಶ್ನೆ: ಟಾಕಿ ಬಂದ ಕೂಡಲೇ ಅವರ ಕಾಲ ಮುಗಿಯಿತು ಅಂತಾರೆ. ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಮೂಕಿಯಲ್ಲಿ ಮುಖ, ಮೈ ಮಾತಾಡಿದರೆ ಸಾಕಿತ್ತು. 1931ರಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಂದದ್ದೇ ತಡ, ಹಿಂದೂಸ್ತಾನಿ ಚೆನ್ನಾಗಿ ಬಾರದ ನಟಿಯರು ಕಷ್ಟಕ್ಕೆ ಬಿದ್ದರು. ಸುಲೋಚನಾ ಏನು ಮಾಡಿದರು ಗೊತ್ತಾ? ಒಂದು ವರ್ಷ ಕೆಲಸ ಬಿಟ್ಟು ಕೂತು ಭಾಷೆ ಕಲಿತರು. 1932ರಲ್ಲಿ ತಮ್ಮದೇ ಮೂಕಿ ಚಿತ್ರ ‘ಮಾಧುರಿ’ಯ ಟಾಕಿಯಲ್ಲಿ ನಟಿಸಿ ಗೆದ್ದರು. ಹಳೆಯ ಯಶಸ್ವಿ ಚಿತ್ರಗಳು ಹೀಗೇ ಒಂದೊಂದಾಗಿ ಮಾತು ಕಲಿತು ಬಂದವು. ನಟ ಡಿ. ಬಿಲಿಮೋರಿಯಾ ಜೊತೆಗಿನ ಜೋಡಿಯನ್ನು ಜನ ಮೆಚ್ಚಿದರು. ‘ರೂಬಿ ಪಿಕ್ಸ್’ ಎಂಬ ಸ್ವಂತ ಕಂಪನಿಯನ್ನೂ ತೆರೆದರು.

ಅವಕಾಶ ಕಡಿಮೆಯಾದದ್ದು 1930ರ ದಶಕ ಮುಗಿಯುವ ಹೊತ್ತಿಗೆ, ಹೊಸ ಮುಖಗಳು ಬಂದ ಮೇಲೆ. ಆಮೇಲೆ ಸಿಕ್ಕಿದ್ದು ಹೆಚ್ಚಾಗಿ ಸಣ್ಣಪುಟ್ಟ ಪಾತ್ರ. ಆದರೂ ಕೆಲಸ ಬಿಡಲಿಲ್ಲ, ನನಗೆ ಅವರ ಮೇಲೆ ಗೌರವ ಇರುವುದೇ ಇದಕ್ಕೆ. 1928ರ ಮೂಕಿ ‘ಅನಾರ್ಕಲಿ’ಗೂ 1935ರ ಟಾಕಿಗೂ ಅವರೇ ನಾಯಕಿ. 1953ರಲ್ಲಿ ಅದೇ ಕಥೆ ಮತ್ತೆ ಬಂದಾಗ ಅನಾರ್ಕಲಿ ಬೀನಾ ರಾಯ್, ಇವರು ಸಲೀಮನ ತಾಯಿ. 1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಅದಾಗಿ ಹತ್ತು ವರ್ಷಕ್ಕೆ ಮುಂಬೈಯಲ್ಲಿ ತೀರಿಕೊಂಡರು. 1953ರ ‘ಅನಾರ್ಕಲಿ’ ಸಿಕ್ಕರೆ ಸುಮ್ನೆ ಹಾಡುಗಳಿಗಾಗಿ ಮಾತ್ರ ನೋಡಬೇಡಿ, ಅಕ್ಬರನ ರಾಣಿಯಾಗಿರುವ ಅವರನ್ನೂ ಗಮನಿಸಿ.