ಸುರಂಗದ ಮನೆಗಳಿಗೆ ಕರೆಂಟ್ ಬಂದದ್ದು ಹೀಗೆ

‘ಡಾರ್ಕ್ ಡೇಸ್’ ಸಾಕ್ಷ್ಯಚಿತ್ರದಲ್ಲಿ ನೆಲದಡಿ ಬದುಕುವವರ ಹತ್ತಿರ ಟಿವಿ, ಕರೆಂಟ್ ಒಲೆ ಎಲ್ಲ ಇದೆ, ಸುಮ್ನೆ ಸೆಟ್ ಹಾಕಿದ್ದಲ್ವಾ ಎಂದು ಕೇಳಿದ್ದೀರಿ. ಸೆಟ್ ಅಲ್ಲ. ಅದು ನ್ಯೂಯಾರ್ಕಿನ ರಿವರ್‌ಸೈಡ್ ಪಾರ್ಕಿನ ಕೆಳಗಿರುವ ನಿಜವಾದ ರೈಲು ಸುರಂಗ. ಅಲ್ಲಿದ್ದವರು ಕರೆಂಟ್ ಲೈನಿನಿಂದ ಕದ್ದು ತಂತಿ ಎಳೆದುಕೊಂಡಿದ್ದರು. ಮನೆ ಕಟ್ಟಿಕೊಂಡದ್ದು ಯಾರೋ ಎಸೆದ ಪ್ಲೈವುಡ್ಡು, ಹಲಗೆಗಳಿಂದ. ಬಾಡಿಗೆಯೂ ಇಲ್ಲ, ಬಿಲ್ಲೂ ಇಲ್ಲ. ಇಲಿ ಕಾಟ ಮಾತ್ರ ವಿಪರೀತ.

ನಿಮ್ಮ ಅನುಮಾನಕ್ಕೆ ಇನ್ನೊಂದು ಉತ್ತರವೂ ಇದೆ. ನಿರ್ದೇಶಕ ಮಾರ್ಕ್ ಸಿಂಗರ್‌ಗೆ ಇದು ಮೊದಲ ಚಿತ್ರ. ಮೊದಲೇ ಅವರು ಆ ಜನರ ಜೊತೆ ಸುರಂಗದಲ್ಲಿ ಇದ್ದು ಒಡನಾಡಿಕೊಂಡಿದ್ದರು. ಶೂಟಿಂಗ್‌ಗೆ ಲೈಟ್ ಜೋಡಿಸಿದ್ದು, ಕ್ಯಾಮೆರಾ ಉರುಳಿಸುವ ಡಾಲಿ ಮಾಡಿದ್ದು ಎಲ್ಲ ಅಲ್ಲಿಯ ನಿವಾಸಿಗಳೇ! ಕ್ಯಾಮೆರಾ ಮುಂದೆ ಅವರು ಅಷ್ಟು ಸಲೀಸಾಗಿ ಜಗಳವಾಡುವುದು, ನಗುವುದು ಅದಕ್ಕೇ ಅಂತ ನನಗನ್ನಿಸುತ್ತದೆ. ಹೊರಗಿನ ತಂಡ ಬಂದಿದ್ದರೆ ಆ ಸಲಿಗೆ ಸಿಗುತ್ತಿರಲಿಲ್ಲ.

ಕೊನೆಯಲ್ಲಿ ಅವರಿಗೆ ಮನೆ ಸಿಗುವುದೂ ಕಟ್ಟುಕಥೆಯಲ್ಲ. ರೈಲು ಸಂಸ್ಥೆ ಆಮ್‌ಟ್ರ್ಯಾಕ್ ಎಲ್ಲರನ್ನೂ ಎಬ್ಬಿಸಲು ಹೊರಟಿತ್ತು. ಮನೆಯಿಲ್ಲದವರ ಪರ ಕೆಲಸ ಮಾಡುವ ‘ಕೊಯಲಿಷನ್ ಫಾರ್ ದಿ ಹೋಮ್‌ಲೆಸ್’ ಸಂಸ್ಥೆಯವರು ಮಧ್ಯೆ ಬಂದರು, ಸರ್ಕಾರದ ಬಾಡಿಗೆ ನೆರವಿನ ವೋಚರುಗಳು ಸಿಕ್ಕವು. ಚಿತ್ರಕ್ಕೆ 2000ದಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದ ಪ್ರೇಕ್ಷಕರ ಪ್ರಶಸ್ತಿಯೂ ಬಂತು. ಡಿವಿಡಿ ಸಿಕ್ಕರೆ ಅದರಲ್ಲಿರುವ ಮೇಕಿಂಗ್ ಭಾಗ ನೋಡಿ, ಶೂಟಿಂಗ್ ಹೇಗೆ ನಡೆಯಿತು ಎಂದು ತಿಳಿಯುತ್ತದೆ.